ಹದಿನಾಲ್ಕನೇ ನಡೆಯ ಬೆಣೆ: ಕುಮಟೆಯಲ್ಲಿ ಆಡಿದ ಒಂದು ಗೋ ಆಟದ ಪ್ರಕರಣ

ಗೋ ಅಂದರೆ ಗೆರೆ ಎಳೆದ ಮಣೆಯ ಮೇಲೆ ಇಬ್ಬರು ಕಪ್ಪು, ಬಿಳಿ ಕಲ್ಲು ಇಟ್ಟು ಜಾಗ ಸುತ್ತುವರಿಯುವ ಆಟ. ಈ ಪ್ರಕರಣ ಒಂದೇ ನಡೆಯದ್ದು. ಬಿಳಿ ಹಿಡಿದವರು ಕಪ್ಪಿನ ಎರಡು ಕಲ್ಲುಗಳ ನಡುವೆ ಒಂದು ಕಲ್ಲು ತುರುಕಿದರು. ಕಪ್ಪು ಹಿಡಿದವಳು ತಪ್ಪು ಬದಿಯಿಂದ ಉತ್ತರ ಕೊಟ್ಟಳು. ಆರು ಕಲ್ಲು ಹೋದವು. ತಮಾಷೆ ಅಂದರೆ, ಸರಿಯಾದ ಉತ್ತರಕ್ಕೆ ಬೇಕಿದ್ದ ಕಲ್ಲನ್ನು ಅದಕ್ಕಿಂತ ಹಿಂದಿನ ನಡೆಯಲ್ಲಿ ಅವಳೇ ಇಟ್ಟಿದ್ದಳು. ಹೊಸಬರ ಆಟದಲ್ಲಿ ಇದು ಪದೇ ಪದೇ ಆಗುತ್ತದೆ. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ನಾವು ಆಡಲು ಸೇರುವುದು ಕುಮಟೆಯಲ್ಲಿ. ಶಿರಸಿ ಕಡೆಯವರು ದೇವಿಮನೆ ಘಾಟಿ ಇಳಿದು ಬರುತ್ತಾರೆ, ಕಾರವಾರದವರು ರೈಲು ಹಿಡಿದು ಬರುತ್ತಾರೆ, ಇಬ್ಬರಿಗೂ ನಡುವಿನ ಊರು. ಆ ದಿನ ಬಿಳಿ ಹಿಡಿದವರು ಶಿರಸಿ ಹತ್ತಿರದ ಅಡಿಕೆ ತೋಟದವರು. ಅರವತ್ತು ದಾಟಿದೆ, ನಾವೆಲ್ಲ ಮಾವ ಅಂತಲೇ ಕರೆಯುವುದು. ನಿಧಾನ, ಆದರೆ ಕೈಗೆ ಸಿಕ್ಕಿದ್ದನ್ನು ಬಿಡುವವರಲ್ಲ. ಕಪ್ಪು ಹಿಡಿದವಳು ಕಾರವಾರದಲ್ಲಿ ಡಿಗ್ರಿ ಓದುವ ಹುಡುಗಿ. ಫೋನಿನಲ್ಲೇ ಆಡಿ ಕಲಿತವಳು, ಲೆಕ್ಕದಲ್ಲಿ ಚುರುಕು, ಸ್ವಲ್ಪ ಅವಸರ ಜಾಸ್ತಿ. ಮಣೆ ಪ್ಲೈವುಡ್ ತುಂಡಿನ ಮೇಲೆ ಗೆರೆ ಎಳೆದದ್ದು, ಕಲ್ಲುಗಳ ಬದಲು ಅಂಗಿ ಗುಂಡಿಗಳು. ಪೂರ್ತಿ ಆಟದ ಮಣೆಗೆ 19 ಗೆರೆ ಇರುತ್ತದೆ. ನಮ್ಮದು 13 ಗೆರೆಯದ್ದು, ಅಂದರೆ ಗೆರೆ ಕೂಡುವ ಜಾಗ 169. ಒಂದು ಮಧ್ಯಾಹ್ನಕ್ಕೆ ಅಷ್ಟು ಸಾಕು.

ಗೋ ಆಡಿಲ್ಲದವರಿಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಗೆರೆಗಳು ಕೂಡುವಲ್ಲಿ ಕಲ್ಲು ಇಡಬೇಕು, ಇಟ್ಟ ಕಲ್ಲು ಮತ್ತೆ ಜರುಗುವುದಿಲ್ಲ. ಕಲ್ಲಿನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ಖಾಲಿ ಜಾಗವೇ ಅದರ ಉಸಿರು. ಎಲ್ಲ ಉಸಿರೂ ಮುಚ್ಚಿದರೆ ಕಲ್ಲು ಹೋಯಿತು. ಒಂದೇ ಉಸಿರು ಉಳಿದರೆ ಅದು ಅಟಾರಿ. ಒಂದೇ ಬಣ್ಣದ ಕಲ್ಲುಗಳು ಗೆರೆಯ ಮೇಲೆ ಅಕ್ಕಪಕ್ಕ ಇದ್ದರೆ ಉಸಿರು ಹಂಚಿಕೊಳ್ಳುತ್ತವೆ. ಓರೆಯಾಗಿ ಇದ್ದರೆ ಹಂಚಿಕೊಳ್ಳುವುದಿಲ್ಲ. ಈ ಪ್ರಕರಣ ಪೂರ್ತಿ ನಿಂತಿರುವುದು ಆ ಓರೆಯ ಮೇಲೆ.

ಮಣೆ ಹೇಗಿತ್ತು

ಪೆನ್ಸಿಲ್ ಹಾಳೆ ಇದ್ದರೆ ತೆಗೆದುಕೊಳ್ಳಿ, ಸುಮ್ನೆ ಓದಿದರೆ ತಲೆಗೆ ಹೋಗುವುದಿಲ್ಲ. ಮೊದಲ ಅಂಕಿ ಎಡದಿಂದ ಎಷ್ಟನೇ ಗೆರೆ, ಎರಡನೆಯದು ಕೆಳಗಿನಿಂದ ಎಷ್ಟನೇ ಗೆರೆ. 7-4 ಅಂದರೆ ಎಡದಿಂದ ಏಳು, ಕೆಳಗಿನಿಂದ ನಾಲ್ಕು.

ಮೇಲಿನ ಎರಡೂ ಮೂಲೆ ಕಪ್ಪಿನದು: 4-10, 10-10. ಬದಿಗಳಲ್ಲಿ 3-8 ಮತ್ತು 11-6. ಕೆಳಗಿನ ಮೂಲೆಗಳು ಬಿಳಿಯದು: 3-3, 11-3. ಕೆಳಬದಿಯಲ್ಲಿ ಬಿಳಿ 5-3 ಮತ್ತು 9-3 ಕೂಡ ಇಟ್ಟಿತ್ತು. ಅವೆರಡರ ನಡುವೆ ಹುಡುಗಿ 7-3ರಲ್ಲಿ ನುಗ್ಗಿದಳು. ಅಷ್ಟು ಇಕ್ಕಟ್ಟಿನಲ್ಲಿ ನುಗ್ಗಿದ್ದು ದುಡುಕು ಅಂತ ನನ್ನ ಅಭಿಪ್ರಾಯ. ಆದರೆ ಆಟ ಅಲ್ಲಿ ಹಾಳಾಗಲಿಲ್ಲ.

ಮಾವ 7-2 ಇಟ್ಟು ಅಡಿಪಾಯ ಕಿತ್ತರು. ಕಪ್ಪು 7-5ಕ್ಕೆ ಜಿಗಿಯಿತು, ಅಂದರೆ ಒಂದು ಜಾಗ ಬಿಟ್ಟು ಹೊಸ ಕಲ್ಲು ಇಟ್ಟಿತು. ಬಿಳಿ 5-5 ಇಟ್ಟು ಬೆನ್ನಟ್ಟಿತು. ಕಪ್ಪು ಬಲಕ್ಕೆ 9-5 ಇಟ್ಟಿತು. ಇಲ್ಲಿಗೆ ಕಪ್ಪಿನದು ಏಳು ಕಲ್ಲು, ಬಿಳಿಯದು ಆರು.

ಹದಿನಾಲ್ಕನೇ ನಡೆಗೆ ಮಾವ ತುಂಬ ಹೊತ್ತು ತೆಗೆದುಕೊಂಡರು. ಕವಳದ ತಟ್ಟೆಯಿಂದ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಬಿಳಿ ಗುಂಡಿಯೊಂದನ್ನು 7-3 ಮತ್ತು 7-5ರ ನಡುವೆ, 7-4ರಲ್ಲಿ ಇಟ್ಟರು. ಬೆಣೆ ಅಂದರೆ ಇದು. ಜಪಾನೀ ಹೆಸರು ವಾರಿಕೋಮಿ.

ನಡೆದದ್ದು

ಹುಡುಗಿ ತಕ್ಷಣ 6-4 ಇಟ್ಟಳು, ಎಡದಿಂದ ಅಟಾರಿ. ಅವಳ ಯೋಚನೆ ಅಲ್ಲಿದ್ದ ಯಾರಿಗಾದರೂ ಅರ್ಥವಾಗುವಂಥದ್ದು. ಬಿಳಿಯ ಬಲ ಎಡಗಡೆ ಇದೆ, 5-3 ಮತ್ತು 5-5. ನುಗ್ಗಿದ ಕಲ್ಲು ಅತ್ತ ಹೋಗಿ ತನ್ನವರ ಜೊತೆ ಸೇರಬಾರದು, ದಾರಿ ಕಟ್ಟಬೇಕು. ಜಗಲಿಯಲ್ಲಿ ಹುಲಿ-ಕುರಿ ಆಡಿ ಬೆಳೆದವರಿಗೆ ಈ ಬುದ್ಧಿ ಕೈಯಲ್ಲೇ ಇರುತ್ತದೆ: ಹುಲಿ ಯಾವ ಕಡೆ ಹೋಗುತ್ತದೋ ಆ ಕಡೆ ಅಡ್ಡ ಹಾಕು.

ಮಾವ 8-4ಕ್ಕೆ ಉದ್ದ ಮಾಡಿದರು, ಅಂದರೆ ಬೆಣೆಗೆ ತಾಗಿದಂತೆ ಇನ್ನೊಂದು ಕಲ್ಲು ಇಟ್ಟರು. ಎರಡು ಬಿಳಿ ಕಲ್ಲಿಗೆ ಈಗ ಮೂರು ಉಸಿರು: 8-3, 8-5, 9-4. ಪಕ್ಕದಲ್ಲೇ 9-3 ಇದೆ. ಅವು ಸಾಯುವುದಿಲ್ಲ. ಕಪ್ಪಿನ ಮೂರು ಕಲ್ಲು ನೋಡಿ: 7-3, 6-4, 7-5. ನಡುವಿನದು ಎರಡಕ್ಕೂ ಓರೆ. ಅಂದರೆ ಕಡಿಯುವ ಜಾಗ, ಬಿಳಿ ಬಂದು ಕೂತರೆ ಕಪ್ಪು ಕಲ್ಲುಗಳು ಬೇರೆಯಾಗುವ ಜಾಗ, ಎರಡು: 6-3 ಮತ್ತು 6-5. 6-3ರ ಪಕ್ಕ ಬಿಳಿಯ 5-3 ಕೂತಿದೆ, 6-5ರ ಪಕ್ಕ 5-5 ಕೂತಿದೆ. ಎಲ್ಲಿ ಕಡಿದರೂ ಆ ಕಲ್ಲಿಗೆ ಬೆನ್ನಿಗೆ ಜನ ಇದ್ದಾರೆ. ಅಲ್ಲಿ ತನ್ನ ಕಲ್ಲು ಇಟ್ಟು ಕಟ್ಟಲು ಕಪ್ಪಿಗೆ ಸಿಗುವುದು ಒಂದೇ ನಡೆ.

ಅವಳು 6-3 ಕಟ್ಟಿ ಕೆಳಗಿನ ಕಲ್ಲು ಉಳಿಸಿಕೊಂಡಳು. ಮಾವ 6-5 ಕಡಿದರು. ಕೆಳಗೆ ಮೂರು ಕಪ್ಪು ಕಲ್ಲು ಬಿಳಿಯ ಮಧ್ಯೆ ಸಿಕ್ಕಿಬಿದ್ದವು. ಬಿಡಿಸಿಕೊಳ್ಳಲು ಅವಳು 8-3 ಇಟ್ಟಳು. ಅದರಲ್ಲಿ ಒಂದು ಬೆದರಿಕೆ ಇತ್ತು: ಮುಂದೆ 9-4 ಸಿಕ್ಕಿದರೆ ಬಿಳಿಯ 7-4, 8-4 ಎರಡೂ ಹೋಗುತ್ತವೆ. ಮಾವ 9-4 ತಾವೇ ಇಟ್ಟು ಕೂಡಿಕೊಂಡರು. ಅವಳು 8-2, ಅವರು 6-2. ಅವಳು 9-2, ಅವರು 10-2. ಅಲ್ಲಿಗೆ ದಾರಿ ಮುಗಿಯಿತು. ಒಂದು ಕಣ್ಣು, ಅಂದರೆ ತನ್ನ ಕಲ್ಲುಗಳೇ ಸುತ್ತುವರಿದ ಖಾಲಿ ಜಾಗ, ಕಷ್ಟಪಟ್ಟು ಮಾಡಬಹುದಿತ್ತು, ಬದುಕಲು ಅಂಥವು ಎರಡು ಬೇಕು. ಆರು ಕಲ್ಲು ಇದ್ದಲ್ಲೇ ಸತ್ತವು.

ಆಟ ನಿಲ್ಲಲಿಲ್ಲ. ಮೇಲ್ಭಾಗದಲ್ಲಿ ಅವಳು ಚೆನ್ನಾಗಿಯೇ ಆಡಿದಳು. ಆದರೆ ಕೆಳಗೆ ಕೊಟ್ಟದ್ದು ವಾಪಸ್ ಬರಲಿಲ್ಲ.

ಬಿಚ್ಚಿ ನೋಡಿದಾಗ

ಆಟ ಮುಗಿದ ಮೇಲೆ ಹದಿಮೂರನೇ ನಡೆಯವರೆಗೆ ಮಣೆಯನ್ನು ಮತ್ತೆ ಜೋಡಿಸಿದೆವು. ಮಾವ ಕೇಳಿದ್ದು ಬೆಣೆಯ ಬಗ್ಗೆ ಅಲ್ಲ.

"ತಂಗಿ, ಈ 9-5 ಎಂತಕ್ಕೆ ಇಟ್ಟದ್ದು?"

"ಬಲಗಡೆ ದೊಡ್ಡದಾಗ್ಲಿ ಅಂತ, ಮಾವ. 11-6 ಇತ್ತಲ್ಲ."

"ಅಷ್ಟೇಯಾ? ಹಾಗಾದ್ರೆ ಬೆಣೆಗೆ ಬಲಗಡೆಯಿಂದ ಅಟಾರಿ ಕೊಟ್ಟು ನೋಡು."

ಕೊಟ್ಟು ನೋಡೋಣ. ಬಿಳಿ 7-4, ಕಪ್ಪು 8-4. ಬೆಣೆಗೆ ಉಳಿದ ಉಸಿರು 6-4 ಒಂದೇ. ಬಿಳಿ 6-4ಕ್ಕೆ ಉದ್ದ ಮಾಡಿ ಎಡಗಡೆಯ ತನ್ನವರ ಹತ್ತಿರ ಹೋಗುತ್ತದೆ. ಹೋಗಲಿ ಬಿಡಿ. ಕಪ್ಪಿನ ಮೂರು ಕಲ್ಲು ಈಗ 7-3, 8-4, 7-5. ಇಲ್ಲಿಯೂ ಓರೆ, ಇಲ್ಲಿಯೂ ಕಡಿಯುವ ಜಾಗ ಎರಡು: 8-3 ಮತ್ತು 8-5.

8-3 ನಿಜವಾಗಿ ಅಪಾಯ. ಬಿಳಿ ಅಲ್ಲಿ ಕಡಿದರೆ 9-3 ಜೊತೆ ಕೂಡಿಕೊಳ್ಳುತ್ತದೆ, 7-3ಕ್ಕೆ ಒಂದೇ ಉಸಿರು ಉಳಿಯುತ್ತದೆ. 6-3ಕ್ಕೆ ಓಡಿದರೂ ಮತ್ತೆ ಒಂದೇ ಉಸಿರು. ಬಿಳಿ 6-2 ಇಟ್ಟು ಎತ್ತಿಕೊಳ್ಳುತ್ತದೆ.

ಇನ್ನು 8-5 ನೋಡಿ. ಅದರ ಎಡಕ್ಕೆ 7-5, ಕೆಳಗೆ 8-4, ಬಲಕ್ಕೆ 9-5. ಮೂರೂ ಕಪ್ಪು. ಬಿಳಿ ಅಲ್ಲಿ ಕಡಿಯಲು ಬಂದರೆ ಇಟ್ಟ ಕ್ಷಣದಲ್ಲೇ ಒಂದೇ ಉಸಿರು, 8-6. ಕಪ್ಪು 8-6 ಇಟ್ಟು ತೆಗೆಯುತ್ತದೆ. ಅಂದರೆ ಈ ಜಾಗವನ್ನು ಕಟ್ಟುವ ಅಗತ್ಯವೇ ಇಲ್ಲ, 9-5 ಕಾಯುತ್ತಿದೆ. ಹಾಗಾಗಿ ಕಪ್ಪಿಗಿರುವ ಒಂದು ನಡೆ 8-3ಕ್ಕೆ. ಕಟ್ಟಿದರೆ ಮೇಲಿನದು ಕೆಳಗಿನದು ಎಲ್ಲ ಒಂದೇ ಗುಂಪು.

ಹುಡುಗಿಯ ಕಣ್ಣು ಬಿಳಿ ಕಲ್ಲಿನ ಮೇಲಿತ್ತು, ಅದು ಎಲ್ಲಿ ಓಡುತ್ತದೆ ಅಂತ. ಬೆಣೆ ಇಟ್ಟವನಿಗೆ ಆ ಕಲ್ಲು ಯಾವ ಬದಿಗೆ ಹೋಗಬೇಕು ಅಂತ ಹಟ ಇರುವುದಿಲ್ಲ. ಅವನಿಗೆ ಬೇಕಿರುವುದು ನಮ್ಮ ಅಟಾರಿ. ನಾವು ಯಾವ ಬದಿಯಿಂದ ಅಟಾರಿ ಕೊಡುತ್ತೇವೋ ಅದೇ ಬದಿಯಲ್ಲಿ ಎರಡು ಬಿರುಕು ಹುಟ್ಟುತ್ತವೆ. ಎಡದಿಂದ ಕೊಟ್ಟರೆ 6-3, 6-5. ಬಲದಿಂದ ಕೊಟ್ಟರೆ 8-3, 8-5. ಹಾಗಾದರೆ ಬಿರುಕು ಎಲ್ಲಿ ಹುಟ್ಟಬೇಕು? ನಮ್ಮ ಕಲ್ಲು ಕಾವಲಿರುವ ಕಡೆ ಅಲ್ವಾ? ಅವಳು ಬಿರುಕುಗಳನ್ನು ತಂದು ಬಿಳಿಯ ಎರಡು ಕಲ್ಲುಗಳ ಬಾಗಿಲಲ್ಲೇ ಇಟ್ಟಳು.

ಇಲ್ಲಿ ಅವಳೇ ಒಂದು ಒಳ್ಳೆ ಪ್ರಶ್ನೆ ಕೇಳಿದಳು. "ನಾನು 8-4 ಇಟ್ಟಾಗ ನೀವು 6-4 ಉದ್ದ ಮಾಡದೆ ಸೀದಾ 8-3 ಕಡಿದ್ರೆ? 7-3 ಅಟಾರಿಗೆ ಬರ್ತದಲ್ಲ?" ಬರುತ್ತದೆ, ನಿಜ. ಆದರೆ ಬೆಣೆಯೂ ಅಟಾರಿಯಲ್ಲೇ ಇದೆ. ಕಪ್ಪು 6-4 ಇಟ್ಟು ಬೆಣೆಯನ್ನೇ ಎತ್ತುತ್ತದೆ. 7-4 ಖಾಲಿಯಾದ್ದರಿಂದ 7-3ಕ್ಕೆ ಅಲ್ಲಿಂದ ಉಸಿರು ಬಂತು. ಬಿಳಿ 6-3 ಇಟ್ಟು ಮತ್ತೆ ಅಟಾರಿ ಅಂದರೆ ಕಪ್ಪು 7-4 ತುಂಬುತ್ತದೆ, 7-3, 6-4, 8-4, 7-5 ಎಲ್ಲ ಗಟ್ಟಿಯಾಗಿ ಒಂದಾಗುತ್ತವೆ. ಬಿಳಿಗೆ ಇದು ಪೂರ್ತಿ ನಷ್ಟ. ಅದಕ್ಕೇ ಬಿಳಿ 6-4 ಉದ್ದ ಮಾಡಲೇಬೇಕು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು ಅಂತ ನನಗನಿಸುತ್ತದೆ. ಎಡದಿಂದ ಅಟಾರಿ ಕೊಟ್ಟು, ಬಿಳಿ 8-4 ಇಟ್ಟಾಯಿತು. ಎರಡು ಕಡಿತದಲ್ಲಿ ಒಂದು ಹೋಗುವುದು ಖಂಡಿತ. ಆಗ ಯಾವುದನ್ನು ಬಿಡಬೇಕು? ಅವಳು 6-3 ಕಟ್ಟಿ 7-3 ಉಳಿಸಿದಳು. ಅಲ್ಲಿ ಉಳಿಸುವುದಕ್ಕೆ ಇದ್ದದ್ದಾದರೂ ಏನು? ಅಡಿಪಾಯ 7-2ರಲ್ಲೇ ಹೋಗಿದೆ, ಸುತ್ತ ಬಿಳಿ. ಬದಲಿಗೆ 6-5 ಕಟ್ಟಿದ್ದರೆ ಬಿಳಿ 6-3 ಕಡಿಯುತ್ತಿತ್ತು, 7-3 ಒಂದೇ ಒಂದು ಕಲ್ಲು ಸಾಯುತ್ತಿತ್ತು. ಅದನ್ನು ಅಲ್ಲೇ ಬಿಟ್ಟು, ಸಿಕ್ಕ ನಡೆಯಲ್ಲಿ 8-5 ಇಟ್ಟರೆ 6-5, 7-5, 8-5, 9-5 ಸಾಲಾಗಿ ಗೋಡೆ. ಮೇಲೆ ಎರಡು ಮೂಲೆಯೂ ಕಪ್ಪಿನದೇ, ಬಿಳಿಯ 5-5 ಒಂಟಿ. ತಪ್ಪು ಉತ್ತರ ಕೊಟ್ಟ ಮೇಲೂ ಆಡಬಹುದಾದ ಆಟ ಅದು. ನಾವು ಜಪಾನೀ ಲೆಕ್ಕದಲ್ಲಿ ಆಡುತ್ತೇವೆ. ಅದರಲ್ಲಿ ಹಿಡಿದ ಕಲ್ಲಿಗೆ ಒಂದು, ಅದು ಇದ್ದ ಜಾಗಕ್ಕೆ ಒಂದು. ಒಂದು ಕಲ್ಲು ಬಿಟ್ಟರೆ 2 ಅಂಕ. ಆರು ಕೊಟ್ಟಿದ್ದಕ್ಕೆ ಕಲ್ಲಿನ ಲೆಕ್ಕದಲ್ಲೇ 12, ಸುತ್ತಲಿನ ಜಾಗ ಬೇರೆ. ಜೊತೆಗೆ 7-5ರ ಎಡ ಭುಜಕ್ಕೆ ಬಿಳಿ ಬಂದು ಕೂತಿತು.

ಹೊಸಬರಿಗೆ ಬೆಣೆ ಬಿದ್ದ ಮೇಲೆ ಉತ್ತರ ಕೊಡುವುದನ್ನು ಕಲಿಸಬಹುದು. ಬೀಳುವ ಮೊದಲು ಗುರುತಿಸುವುದು ಕಷ್ಟದ ಕೆಲಸ. ಈ ಆಟದಲ್ಲಿ ಗುರುತು ಸಿಗುವುದು ಹನ್ನೆರಡನೇ ನಡೆಯಲ್ಲಿ, ಬಿಳಿ 5-5 ಇಟ್ಟಾಗ. ನೋಡಲು ಅದು ಬೆನ್ನಟ್ಟುವ ನಡೆ. ಅದು ಬರುವ ಮೊದಲು ಬಿಳಿ 7-4ರಲ್ಲಿ ಬೆಣೆ ಹಾಕಿದ್ದರೆ ಎಡದ 6-5 ಕಡಿತಕ್ಕೆ ಬೆಂಬಲವೇ ಇರುತ್ತಿರಲಿಲ್ಲ. 5-5 ಬಂದ ಮೇಲೆ ಎಡಗಡೆಯ ಎರಡೂ ಕಡಿತಕ್ಕೆ ಒಂದೊಂದು ಕಲ್ಲು ಸಿದ್ಧವಾಯಿತು. ಎದುರಾಳಿ ನಮ್ಮ ಜಿಗಿತದ ಪಕ್ಕ ಬಂದು ಕೂತರೆ ಓಡುವ ದಾರಿ ನೋಡುವ ಮೊದಲು ಆ ಜಿಗಿತದ ನಡುವಿನ ಖಾಲಿ ಜಾಗ ನೋಡಬೇಕು. ಅಲ್ಲಿ ಕಲ್ಲು ಬಿದ್ದರೆ ಯಾವ ಬದಿಯಿಂದ ಅಟಾರಿ ಕೊಡುತ್ತೇನೆ, ಎರಡು ಬಿರುಕು ಎಲ್ಲಿ ಬರುತ್ತವೆ, ಅಲ್ಲಿ ನನ್ನವರು ಯಾರಿದ್ದಾರೆ?

9-5 ಇಲ್ಲದೆ ಹೋಗಿದ್ದರೆ? ಹದಿಮೂರನೇ ನಡೆಯಲ್ಲಿ ಅವಳು ಮೇಲಿನ ಮೂಲೆಗೆ ಹೋಗಿದ್ದಳು ಅಂದುಕೊಳ್ಳಿ. ಬೆಣೆ, 8-4 ಅಟಾರಿ, 6-4, 8-3 ಕಟ್ಟಾಯಿತು. ಬಿಳಿ 8-5 ಕಡಿಯುತ್ತದೆ. ಈಗ ಆ ಕಲ್ಲಿಗೆ ಎರಡು ಉಸಿರು, 8-6 ಮತ್ತು 9-5. ಮೇಲಿನಿಂದ ಅಟಾರಿ ಕೊಟ್ಟರೆ 9-5ಕ್ಕೆ ಹೋಗುತ್ತದೆ, ಬಲದಿಂದ ಕೊಟ್ಟರೆ 8-6ಕ್ಕೆ. ಎರಡೂ ಸಲ ಕಪ್ಪು ಎರಡು ಹೋಳು. ಅಂಥ ಕಡೆ ಬೆಣೆಗೆ ಒಳ್ಳೆ ಉತ್ತರ ಇರುವುದಿಲ್ಲ, ಮೊದಲೇ ಒಂದು ನಡೆ ಖರ್ಚು ಮಾಡಿ ಕಟ್ಟಿಕೊಳ್ಳಬೇಕಿತ್ತು ಅಷ್ಟೇ. ಹಾಗಾಗಿ 9-5 ಒಳ್ಳೆ ನಡೆಯೇ. ಅದು ಎರಡು ಕೆಲಸ ಮಾಡುತ್ತಿತ್ತು, ಇಟ್ಟವಳಿಗೆ ಒಂದು ಮಾತ್ರ ಗೊತ್ತಿತ್ತು.

ಬೆಣೆಯ ಬದಲು ಮಾವ 6-4ರಲ್ಲಿ ಇಣುಕಿದ್ದರೆ, ಅಂದರೆ ಮುಂದೆ 7-4 ಕಡಿಯುತ್ತೇನೆ ಅಂತ ಪಕ್ಕದಿಂದ ಹೆದರಿಸಿದ್ದರೆ, ಅವಳು ಕಣ್ಣು ಮುಚ್ಚಿ 7-4 ಕಟ್ಟುತ್ತಿದ್ದಳು. ಮೂರು ಕಲ್ಲಿನ ಕಂಬ, ಮುರಿಯುವ ಮಾತೇ ಇಲ್ಲ. ಇಣುಕಿದರೆ ಮೂರ್ಖನೂ ಕಟ್ಟುತ್ತಾನೆ ಅಂತ ಗೋ ಆಡುವವರಲ್ಲಿ ಒಂದು ಗಾದೆಯೇ ಇದೆ. ಇಣುಕು ಎದುರಾಳಿಗೆ ಏನು ಮಾಡಬೇಕು ಅಂತ ಹೇಳಿಕೊಡುತ್ತದೆ. ಬೆಣೆ ಹೇಳಿಕೊಡುವುದಿಲ್ಲ, ಆಯ್ಕೆ ಕೊಡುತ್ತದೆ. ಆಯ್ಕೆ ಸಿಕ್ಕಲ್ಲೇ ಜನ ತಪ್ಪುವುದು ಜಾಸ್ತಿ.

ಜನ ಮಾತ್ರವೂ ಅಲ್ಲ. 2016ರ ಮಾರ್ಚ್ 13ರಂದು ಸಿಯೋಲ್‌ನಲ್ಲಿ ಕೊರಿಯಾದ ವೃತ್ತಿಪರ ಆಟಗಾರ ಲೀ ಸೆಡೊಲ್, ಗೋ ಆಡುವ ಕಂಪ್ಯೂಟರ್ ಪ್ರೋಗ್ರಾಂ ಆಲ್ಫಾಗೋ ವಿರುದ್ಧದ ಸರಣಿಯ ನಾಲ್ಕನೇ ಆಟ ಆಡುತ್ತಿದ್ದರು. ಮೊದಲ ಮೂರೂ ಸೋತಿದ್ದರು. ಬಿಳಿ ಹಿಡಿದಿದ್ದ ಅವರು 78ನೇ ನಡೆಯಾಗಿ ಕಪ್ಪಿನ ಕಲ್ಲುಗಳ ನಡುವೆ ಒಂದು ಬೆಣೆ ಇಟ್ಟರು. ಅಲ್ಲಿ ಮನುಷ್ಯ ಆಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಅಂತ ಯಂತ್ರದ ಲೆಕ್ಕವಿತ್ತು. 79ನೇ ನಡೆಯಲ್ಲೇ ಆಲ್ಫಾಗೋ ಎಡವಿತು, 180 ನಡೆಗಳಾದ ಮೇಲೆ ಸೋಲೊಪ್ಪಿಕೊಂಡಿತು. ಐದು ಆಟದಲ್ಲಿ ಲೀ ಗೆದ್ದದ್ದು ಅದೊಂದೇ. ಆ ಬೆಣೆಗೂ ಸರಿಯಾದ ಉತ್ತರ ಇತ್ತು ಅಂತ ಆಮೇಲೆ ಬಲ್ಲವರು ಬಿಡಿಸಿ ತೋರಿಸಿದರು. ನಮ್ಮ ಮಾವನ ಬೆಣೆಯೂ ಹಾಗೇ. ಸರಿಯಾಗಿ ಉತ್ತರಿಸಿದರೆ ಕಪ್ಪು ಒಡೆಯುವುದಿಲ್ಲ. ಇದು ಗೊತ್ತಿದ್ದೇ ಇಟ್ಟಿರಾ ಅಂತ ಕೇಳಿದೆ. "ಗೊತ್ತಿತ್ತು ಮಾರಾಯ. ಸರಿ ಉತ್ತರ ಕೊಟ್ರೂ ನಂಗೆ 6-4 ಸಿಗ್ತು, ಎಡಗಡೆ ಗಟ್ಟಿ ಆಗ್ತು, ಮುಂದಿನ ಪಾಳಿಯೂ ನಂದೇ. ಹೋಗುದು ಎಂತ?" ಅಂದರು.

ಈ ಮಾತಿನಲ್ಲಿ ಹುರುಳಿದೆ. ಸರಿಯಾದ ಸಾಲಿನಲ್ಲೂ ಬಿಳಿಗೆ ದೊಡ್ಡ ನಷ್ಟ ಇಲ್ಲ. ಕಪ್ಪು ಒಂದಾಗಿ ಉಳಿಯುತ್ತದೆ, ಬಿಳಿ ಎಡಗಡೆ ಬಲಿಯುತ್ತದೆ, ಪಾಳಿ ಬಿಳಿಗೆ ಬರುತ್ತದೆ. ಎದುರಾಳಿ ತಪ್ಪಿದರೆ ಮಾತ್ರ ಲಾಭ ಆಗುವಂಥ ಬರೀ ಮೋಸದ ನಡೆ ಇದಲ್ಲ. ಆದರೆ ಬಿಳಿ ಕೊಟ್ಟದ್ದೂ ಇದೆ: ಕಪ್ಪಿಗೆ 8-3 ಸಿಕ್ಕಿತು, ಮುಂದೆ 8-2ಕ್ಕೆ ಇಳಿದು 7-2 ಮತ್ತು 9-3ರ ನಡುವೆ ನುಗ್ಗುವ ಅವಕಾಶ ಸಿಕ್ಕಿತು. ನಾನಾಗಿದ್ದರೆ ಬೆಣೆಯನ್ನು ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತಿದ್ದೆ, 8-6 ಸುತ್ತ ಒಂದು ಬಿಳಿ ಕಲ್ಲು ಬೀಳುವವರೆಗೆ. ಯಾಕೆಂದರೆ 8-5ರ ಕಾವಲು ನಿಂತಿರುವುದು 8-6 ಖಾಲಿ ಇರುವುದರ ಮೇಲೆ. ಅಲ್ಲಿ ಬಿಳಿ ಇದ್ದರೆ 8-5ರಲ್ಲಿ ಕಡಿದ ಕಲ್ಲು ಅಟಾರಿಯಲ್ಲಿ ಇರುವುದಿಲ್ಲ, 9-5 ಕಾದದ್ದೆಲ್ಲ ವ್ಯರ್ಥ.

ಈ ಒಂದು ಎಳೆ ಹುಡುಗಿಗೆ ತಲೆಗೆ ಹೋಯಿತೋ ಇಲ್ಲವೋ ಅಂತ ಮಾವ ಅಲ್ಲೇ ಪರೀಕ್ಷೆ ಮಾಡಿದರು. ಸರಿಯಾದ ಸಾಲು ಇಟ್ಟುಕೊಂಡು ಆಟ ಮುಂದುವರಿಸಿದರು. ಮೊದಲು ಎಡಗಡೆ 6-5 ತಳ್ಳಿದರು, ಅವಳು ಅದಕ್ಕೆ ಉತ್ತರ ಕೊಟ್ಟಳು, ಆಮೇಲೆ ಏನೂ ಅರಿಯದವರಂತೆ 8-6ರಲ್ಲಿ ಒಂದು ಗುಂಡಿ ಇಟ್ಟರು. ಅವಳ ಕೈ ಮೇಲಿನ ಮೂಲೆಯತ್ತ ಹೊರಟಿತ್ತು. ನಿಂತಿತು. 7-5, 8-4, 9-5 ಮೇಲೆ ಒಂದೊಂದಾಗಿ ಬೆರಳು ಇಟ್ಟು ನೋಡಿದಳು, 8-5ರಲ್ಲಿ ಕಪ್ಪು ಗುಂಡಿ ಒತ್ತಿ ಕಟ್ಟಿದಳು. ಮಾವ ತಲೆ ಆಡಿಸಿ 8-7ಕ್ಕೆ ಉದ್ದ ಮಾಡಿದರು, ಮಧ್ಯದಲ್ಲಿ ಇನ್ನೊಂದು ಜಗಳ ಶುರುವಾಯಿತು.